ಗುರುವಾರದ ಅತಿಥಿ

"ನನ್ನ ಹೆಸರು ಚ್... ಚ್... ಚ್..."

ಏಳನೇ ತರಗತಿ 'ಅ' ವಿಭಾಗದ ನಲವತ್ತೆರಡು ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಕಪ್ಪು ಹಲಗೆಯ ಮುಂದೆ ನಿಂತ ಯುವಕನ ದವಡೆ ಬಿಗಿದುಕೊಂಡಿತ್ತು. ಕಣ್ಣರೆಪ್ಪೆ ಅದುರುತ್ತಿತ್ತು. ಹೆಸರು ಮಾತ್ರ ಹೊರಬರಲೊಲ್ಲದು.

ಮೂರನೇ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಹಿಂದೆ ಕಿಟಕಿಯ ಪಕ್ಕ ನಿಂತಿದ್ದ ನೀತಾ ಟೀಚರ್‌ಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯಲ್ಲಿ ಆ ಹೆಸರು ಇತ್ತು.

"ಚನ್ನವೀರ!" ಎಂದುಬಿಟ್ಟಳು.

ಅವನು ತಲೆ ಎತ್ತಿ ನೇರವಾಗಿ ಅವಳನ್ನೇ ನೋಡಿದ. ಮರಾಠಿಯಲ್ಲಿ ನಿಧಾನವಾಗಿ ಹೇಳಿದ: "ಟೀಚರ್, ಅದು ನನ್ನ ಹೆಸರು. ವಾ... ವಾಪಸ್ ಕೊಡಿ. ನಾನೇ ಹೇಳ್ತೀನಿ."

ಮಕ್ಕಳು ಗೊಳ್ಳೆಂದು ನಕ್ಕರು. ಈ ಸಲ ನಕ್ಕಿದ್ದು ಅವನನ್ನು ನೋಡಿ ಅಲ್ಲ!

ಅವನು ಮತ್ತೆ ಶುರು ಮಾಡಿದ. ಎಂಟು ಸೆಕೆಂಡು ಹಿಡಿಯಿತು. ಹೇಳಿ ಮುಗಿಸಿದ.

ನೀತಾಳ ಕಿವಿ ಬಿಸಿಯಾಗಿತ್ತು. ಛೇ... ಬೇರೆ ಯಾರಾದರೂ ಆ ತಪ್ಪು ಮಾಡಬಹುದಿತ್ತು. ಅವಳು ಮಾಡಬಾರದಿತ್ತು.

ಪುಣೆ ಹತ್ತಿರದ ನಿಗಡಿಯ ಆ ಮರಾಠಿ ಶಾಲೆಯಲ್ಲಿ ಈ ವರ್ಷ ಪ್ರತಿ ಗುರುವಾರ ಕೊನೆಯ ಪೀರಿಯಡ್‌ಗೆ ಅತಿಥಿಯೊಬ್ಬರು ಬರುತ್ತಿದ್ದರು. ಅಂಗವೈಕಲ್ಯದ ಬಗ್ಗೆ ಪುಸ್ತಕ ಓದಿಸುವುದಕ್ಕಿಂತ ಅದರ ಜೊತೆ ಬದುಕುವವರಿಂದಲೇ ಮಕ್ಕಳು ಕೇಳಲಿ ಎಂಬುದು ಹೆಡ್‌ಮಿಸ್ಟ್ರೆಸ್ ಯೋಚನೆ. ಕೃತಕ ಕಾಲಿನಲ್ಲಿ ಸೈಕಲ್ ಹೊಡೆಯುವ ಅಜ್ಜ ಬಂದು ಹೋಗಿದ್ದರು. ಕಣ್ಣು ಕಾಣದ ವಕೀಲೆಯೊಬ್ಬರು ಬಂದಿದ್ದರು. ಈಗ ಉಗ್ಗು ಇರುವ ಚನ್ನವೀರ. ಐದು ವಿಭಾಗ, ಐದು ಗುರುವಾರ. ಎಲ್ಲದರ ಜವಾಬ್ದಾರಿ ನೀತಾಳದು.

"ಸರ್, ಮಾತಾಡುವಾಗ ನೋವಾಗುತ್ತಾ?"

"ಇಲ್ಲ. ನೀವು ನಕ್ಕಾಗ ಸ್ವ... ಸ್ವಲ್ಪ."

"ಹಾಡುವಾಗಲೂ ಹೀಗೇನಾ?"

"ಹಾಡುವಾಗ ಉಗ್ಗಲ್ಲ. ಆದರೆ ನನ್ನ ಹಾಡು ಕೇಳಿದವರು, ಉಗ್ಗೇ ಇರಲಿ ಅಂತಾರೆ!"

ನಗು ನಿಂತ ಮೇಲೆ ಅವನು ಇನ್ನೊಂದು ಮಾತು ಹೇಳಿದ. "ಕೆಲವರಿಗೆ ಉಗ್ಗು ಇರೋದು ಯಾರಿಗೂ ಗೊತ್ತಾಗಲ್ಲ. ಅ... ಅಡಗಿಸ್ತಾರೆ. ಪಾಣಿಪುರಿ ತಿನ್ನೋ ಆಸೆ, ಆದರೆ 'ಪ' ಬಾಯಿಂದ ಬರಲ್ಲ. ಭೇಳ್ ಕೊಡಿ ಅಂತಾರೆ. ಜೀವನವಿಡೀ ಭೇಳ್ ತಿಂತಾನೇ ಇರ್ತಾರೆ."

ಮಕ್ಕಳು ಮತ್ತೆ ನಕ್ಕರು. ನೀತಾ ನಗಲಿಲ್ಲ.

ಅವಳು ದಿನಾ ಬೆಳಿಗ್ಗೆ ಚಿಂಚವಡದಿಂದ ಬಸ್ಸು ಹತ್ತಿ, ನಿಗಡಿಗಿಂತ ಮೊದಲೇ ಸಿಗುವ ಆಕುರ್ಡಿಗೆ ಟಿಕೆಟ್ ಕೇಳುತ್ತಿದ್ದಳು. ಅಲ್ಲಿಂದ ನಿಗಡಿಗೆ ನಡೆದು ಬರುತ್ತಿದ್ದಳು. ನಾಲ್ಕು ವರ್ಷದಿಂದ... ಯಾಕೆಂದರೆ 'ನ' ಅವಳ ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೊಸ ತರಗತಿಗೆ ತನ್ನ ಹೆಸರನ್ನು ಹೇಳುತ್ತಿರಲಿಲ್ಲ, ಹಲಗೆಯ ಮೇಲೆ ಬರೆಯುತ್ತಿದ್ದಳು. ಮನೆಯಲ್ಲಿ ಕನ್ನಡ ಮಾತಾಡುವಾಗ 'ನಾನು' ಎಂಬ ಪದವನ್ನೇ ಬಳಸದೆ ಬದುಕಲು ಕಲಿತಿದ್ದಳು.

ಆಡುವ ಮೊದಲೇ ಪ್ರತಿ ವಾಕ್ಯವನ್ನೂ ತಡಕಾಡಿ, ಕಷ್ಟದ ಪದ ತೆಗೆದು ಸುಲಭದ್ದನ್ನು ಇಡುವುದು. ಹಗಲೆಲ್ಲ ಇದೇ ಕೆಲಸ. ಎಷ್ಟು ಚೆನ್ನಾಗಿ ಅಡಗಿಸಿದ್ದಳೆಂದರೆ, ಉಗ್ಗುವ ಚನ್ನವೀರನಿಗೂ ಗೊತ್ತಾಗಲಿಲ್ಲ!

ಸ್ಟಾಫ್ ರೂಮಿನಲ್ಲಿ ಅವನಿಗೆ ಕೊಟ್ಟ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತು.

"ಅಯ್ಯ ಶಿವನ..." ಎಂದಳು.

ಅವನ ಮುಖ ಅರಳಿತು. "ಕ... ಕನ್ನಡದವ್ರೇನ್ರಿ?"

"ಹೌದ್ರಿ. ಅಪ್ಪಾರದು ವಿಜಯಪುರ ಕಡೆ."

"ಮತ್ತ ನನ್ನ ಹೆಸರಿಗೆ ಅವಸರ ಮಾಡಿದ್ರಿ! ಊರ ಕಡಿ ಮಂದಿ ಸಮಾಧಾನದವ್ರು ಅಂತಿದ್ದೆ."

"ತಪ್ಪಾತ್ರಿ," ಎಂದಳು ಮೆಲ್ಲಗೆ.

"ಛೆ, ಚಾಷ್ಟಿ ಮಾಡಿದ್ನಿ."

ಅವನು ವಿಮಾನ ನಗರದ ಕೊರಿಯರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ದಿನಕ್ಕೆ ಎಂಬತ್ತು ಫೋನು! "ಎತ್ತಿದ ಮೇಲೆ ನಾ ಹಲೋ ಅನ್ನೂದ್ರಾಗ ಅರ್ಧ ಮಂದಿ ಇಟ್ಟ ಬಿಡ್ತಾರ್ರಿ. ಕೆಲಸಾನೂ ಅರ್ಧ ಆಗ್ತದ!"

ನೀತಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಮನೆಯಲ್ಲಿ ಉಗ್ಗಿನ ಬಗ್ಗೆ ಮಾತೆತ್ತಿದರೆ ಬಾಗಿಲು ಹಾಕುತ್ತಿದ್ದರು. ಇವನು ಚಹಾ ಕುಡಿಯುತ್ತ ಅದರ ಬಗ್ಗೆ ನಗುತ್ತಾನೆ...

ಎರಡನೇ ಗುರುವಾರ ಅವನಿಗಾಗಿ ಅವಳು ಗೇಟಿನ ಬಳಿ ಕಾದಳು. ಮೂರನೆಯದರ ಹೊತ್ತಿಗೆ ವಾರದ ಉಳಿದ ದಿನಗಳೆಲ್ಲ ಉದ್ದವಾಗತೊಡಗಿದ್ದವು.

ಮನೆಯಲ್ಲಿ ಬೇರೆಯೇ ತಯಾರಿ ನಡೆದಿತ್ತು. ಸೊಲ್ಲಾಪುರದ ಕಡೆಯ ಸಂಬಂಧ. ಫೋಟೋ ಒಪ್ಪಿದ್ದರು. ಮುಂದಿನ ವಾರ ಬಿಟ್ಟು ಬರುವ ರವಿವಾರ ನಿಶ್ಚಯ. ಹುಡುಗನ ಹೆಸರು ನಿತಿನ.

"ಅವ್ವಾ, ಹೆಸರ ಹೇಳಾಕ ಆಗೂದಿಲ್ಲ..."

"ಗಂಡನ ಹೆಸರ ಯಾಕ ಹೇಳ್ತಿ?" ತಾಯಿ ಸಾವಂತ್ರವ್ವ ನಿಶ್ಚಯದ ದಿನ ಹೇಳಲೆಂದು ಕ್ಯಾಲೆಂಡರಿನ ಹಿಂದೆ ಐದು ವಾಕ್ಯ ಬರೆಸಿದ್ದಳು, ಒಂದರಲ್ಲೂ 'ನ' ಇಲ್ಲ. "ಹೇಳಬಾರದಂತ ನಮ್ಮ ಕಡೆ ಪದ್ಧತೀನ ಅದ. 'ರೀ' ಅಂದ್ರ ಸಾಕು. ಶಿವಾನ ದಾರಿ ಮಾಡಿ ಕೊಟ್ಟಾನ ನೋಡು!"

"ಅವರಿಗೆ ಮೊದಲ ಹೇಳಿಬಿಡೂಣವ್ವಾ."

"ಹುಚ್ಚಿ! ಹಿಂದ ಇಬ್ಬರಿಗೆ ಹೇಳಿದ್ವಿ. ಹೊಳ್ಳಿ ಬಂದ್ರೇನು? ಶಾಂತ ಹುಡುಗಿ ಅಂತ ಇವರು ಮೆಚ್ಚ್ಯಾರ. ಶಾಂತಾನ ಇರು."

ತಾಯಿ ಮಗಳ ತಲೆ ಸವರಿ, ಕ್ಯಾಲೆಂಡರನ್ನು ಕೈಗಿಟ್ಟಳು. ನೀತಾ ಆ ಐದು ವಾಕ್ಯಗಳನ್ನು ಓದತೊಡಗಿದಳು. ಎಲ್ಲ ಬಾಗಿಲುಗಳೂ ಪ್ರೀತಿಯಿಂದಲೇ ಮುಚ್ಚುತ್ತಿದ್ದವು!

ಮೂರನೇ ಗುರುವಾರ ಮಕ್ಕಳೆಲ್ಲ ಹೋದ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಚನ್ನವೀರ ನಿಂತ.

"ಒಂದು ಮಾತದ್ರಿ. ನೀವು ನ... ನನಗ ಭಾಳ ಸೇರ್ತೀರಿ. ನಿಮಗೂ ಹಂಗ ಅನಸ್ತದೇನು?"

ಅವಳ ಉತ್ತರ ಸಿದ್ಧವಿತ್ತು. ಒಂದೇ ಪದ. ನನಗೂ!

ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತು. ಕುತ್ತಿಗೆ ಬಿಗಿಯಿತು. ಈ ವಿಕಾರ ಅವನಿಗೆ ಕಾಣಬಾರದು... ಫಕ್ಕನೆ ಮುಖ ಗೋಡೆಯ ಕಡೆ ತಿರುಗಿಸಿ, ಬ್ಯಾಗಿನಲ್ಲಿ ಏನೋ ಹುಡುಕುವಂತೆ ನಟಿಸಿದಳು. ಒಂದು ಸೆಕೆಂಡು. ಐದು. ಹತ್ತು.

ಅಭ್ಯಾಸ ತನ್ನ ಕೆಲಸ ಮಾಡಿತು. ಸಿಕ್ಕಿದ ಪದವನ್ನು ಬಿಟ್ಟು, ಸಲೀಸಾದ ಪದಗಳನ್ನು ಎತ್ತಿ ಕೊಟ್ಟಿತು.

"ಆಗೂದಿಲ್ರಿ. ಲಗ್ನ ಗೊತ್ತಾಗೇದ."

ಎಷ್ಟು ಸರಾಗವಾಗಿ ಬಂತು!

ಅವನು ಒಂದು ಹೆಜ್ಜೆ ಹಿಂದೆ ಸರಿದ. "ತಿ... ತಿಳೀತ್ರಿ. ಮಾರಿ ಆ ಕಡೆ ತಿರುವಿದ್ರಲ್ಲ, ಅಷ್ಟ ಸಾಕಿತ್ತು. ಉಗ್ಗೂದು ನೋಡಾಕ ಭಾಳ ಮಂದಿಗೆ ಆಗೂದಿಲ್ಲ."

ಅಯ್ಯೋ, ಅದಲ್ಲ... ಅದಲ್ಲ! ಒಳಗೆ ಕೂಗಿದಳು. ಅವನು ಗೇಟು ದಾಟಿ ಹೋಗಿದ್ದ.

ನಾಲ್ಕನೇ ಗುರುವಾರ ಅವನು ಬರಲಿಲ್ಲ. 'ಕೆಲಸವಿದೆ, ಕೊನೆಯ ವಾರ ಎರಡೂ ವಿಭಾಗಕ್ಕೆ ಒಟ್ಟಿಗೆ ಮಾತಾಡುತ್ತೇನೆ' ಎಂದು ಹೆಡ್‌ಮಿಸ್ಟ್ರೆಸ್‌ಗೆ ಸಂದೇಶ ಬಂದಿತ್ತು. ನೀತಾಳಿಗಲ್ಲ.

ರವಿವಾರ ಬಂತು.

ಮನೆ ತುಂಬ ಜನ. ರೇಷ್ಮೆ ಸೀರೆ, ಬಿಗಿದ ಜಡೆ. ಐದು ವಾಕ್ಯಗಳಲ್ಲಿ ಮೂರನ್ನು ಹೇಳಿ ಮುಗಿಸಿದ್ದಳು. ಎಲ್ಲರೂ ಮೆಚ್ಚಿ ತಲೆದೂಗಿದ್ದರು. ಅಷ್ಟರಲ್ಲಿ ನಿತಿನನ ಸೋದರತ್ತೆ ಎಲೆ ಅಡಿಕೆ ತಟ್ಟೆ ಸರಿಸಿ ಮುಂದೆ ಬಂದಳು.

"ಒಂದು ಒಡಪು ಹೇಳವ್ವಾ! ಪ್ರಾಸ ಕೂಡಿಸಿ ಗಂಡನ ಹೆಸರ ಹೇಳೂದು, ಅಷ್ಟ. ಲಗ್ನದಾಗ ಹೇಳಬೇಕಲ್ಲ, ಇವತ್ತ ಕೇಳೂಣು!"

"ಹೇಳಾ, ಹೇಳಾ!" ಎಂದು ಹೆಂಗಸರೆಲ್ಲ ನಕ್ಕರು.

ಪದ್ಧತಿ ಮಾಡಿಕೊಟ್ಟ ದಾರಿಯನ್ನು ಪದ್ಧತಿಯೇ ಮುಚ್ಚಿತು.

"ಗಂಟಲಾ ಕಟ್ಟೇದ್ರಿ ಅಕೀದು," ಎಂದಳು ಸಾವಂತ್ರವ್ವ ಅವಸರದಿಂದ. ಸೆರಗಿನ ಮರೆಯಲ್ಲಿ ಮಗಳ ಮೊಣಕೈ ಹಿಡಿದಳು. ಸುಮ್ಮನಿರು... ಎಂದಿತು ಆ ಹಿಡಿತ.

ಇವತ್ತು ಗಂಟಲು. ನಾಳೆ ತಲೆನೋವು. ಆಮೇಲೆ? ಸಾಯುವ ತನಕ ಇನ್ನೆಷ್ಟು ನೆಪ ಬೇಕು? ಒಂದು ನೆಪಕ್ಕೆ ಈಗಾಗಲೇ ಏನು ಕಳೆದುಕೊಂಡಿದ್ದೇನೆ!

"ಗಂಟಲಾ ಕಟ್ಟಿಲ್ರಿ," ನೀತಾ ತಲೆ ಎತ್ತಿದಳು. "ನ್... ನ್... ನ್..."

ಅವಳು ಮುಖ ತಿರುಗಿಸಲಿಲ್ಲ.

"...ನಾನು ಉಗ್ಗತೀನಿ. ಐದು ವರ್ಷದಾಕಿ ಇದ್ದಾಗಿಂದ."

ಸೋದರತ್ತೆ ಬಾಯಿಯ ಎಲೆ ಅಗಿಯುವುದನ್ನೇ ಮರೆತಳು. ನಿತಿನ ಮಾತ್ರ ಕಾಲ ಮೇಲೆ ಕಾಲು ಹಾಕಿ ನಕ್ಕ.

"ಇಷ್ಟ ಏನು? ನಮಗ ಅಡ್ಡಿ ಇಲ್ರಿ. ಮನ್ಯಾಗ ಹೆಂಗರ ಮಾತಾಡ್ಲಿ. ನಾಕು ಮಂದಿ ಬಂದಾಗಷ್ಟ ಸುಮ್ನಿದ್ರ ಆತು."

ಸಾವಂತ್ರವ್ವನ ಮುಖದಲ್ಲಿ ಜೀವ ಬಂತು. ಒಪ್ಪಿದರು! ಒಪ್ಪಿಬಿಟ್ಟರು!

ನಾಕು ಮಂದಿ ಬಂದಾಗ ಸುಮ್ಮನಿರುವುದು... ನೀತಾಳಿಗೆ ತನ್ನ ಮುಂದಿನ ಐವತ್ತು ವರ್ಷಗಳು ಒಟ್ಟಿಗೇ ಕಂಡವು.

"ಆಗೂದಿಲ್ರಿ," ಎಂದಳು.

ಈ ಮಾತು ಮೊದಲೂ ಒಮ್ಮೆ ಸರಾಗವಾಗಿ ಬಂದಿತ್ತು. ಅವತ್ತು ಅದು ಸುಳ್ಳು. ಇವತ್ತು ನಿಜ.

ಬೀಗರು ಹೋದ ಮೇಲೆ ಸಾವಂತ್ರವ್ವ ಗೋಡೆಗೊರಗಿ ಅತ್ತಳು. "ನಿನ್ನ ಛಲೋಕ್ಕಂತ ಮಾಡಿದ್ನೆಲ್ಲವ್ವಾ..."

ಅದುವರೆಗೆ ಒಂದು ಮಾತೂ ಆಡದ ತಂದೆ ಈರಣ್ಣ ಮಗಳ ಪಕ್ಕ ಬಂದು ಕೂತ. "ಅಳಬ್ಯಾಡ ಸಾವಂತ್ರಿ. ಎಷ್ಟೋ ವರ್ಷದ ಮೇಲೆ ಇವತ್ತ ನಾ ಅಕಿ ಖರೇ ದನಿ ಕೇಳಿದೆ."

ಐದನೇ ಗುರುವಾರ ಚನ್ನವೀರ ಬಂದ. ಅವಳ ಕಡೆ ನೋಡದೆ ಹೇಳಿದ: "ಮಕ್ಕಳಿಗೆ ಮಾತು ಕೊಟ್ಟಿದ್ದೆ. ಅದಕ್ಕ ಬಂದೆ."

"ಹಿಂದ ಕೂಡ್ರಿ," ಎಂದಳು ನೀತಾ. "ಇವತ್ತಿನ ಅತಿಥಿ ಬ್ಯಾರೆ ಅದಾರ."

ಅವನು ಅರ್ಥವಾಗದೆ ಕೊನೆಯ ಬೆಂಚಿನಲ್ಲಿ, ಮಾಧುರಿ ಎಂಬ ಹುಡುಗಿಯ ಪಕ್ಕ ಕೂತ. ಎರಡು ವಿಭಾಗದ ಮಕ್ಕಳು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತಿದ್ದರು. ನೀತಾ ಹಲಗೆಯ ಮುಂದೆ ನಿಂತಳು. ಸೀಮೆಸುಣ್ಣ ಮುಟ್ಟಲಿಲ್ಲ. ಮರಾಠಿಯಲ್ಲಿ ಶುರು ಮಾಡಿದಳು; ಅದರಲ್ಲಿ 'ನಾನು' ಎಂಬುದು 'ಮೀ', ಸಿಕ್ಕಿಕೊಳ್ಳುತ್ತಿರಲಿಲ್ಲ.

"ನನ್ನ ಹೆಸರು ನ್... ನ್... ನೀತಾ. ನಾನೂ ಉಗ್ಗುತ್ತೇನೆ. ಇಷ್ಟು ದಿನ ಅಡಗಿಸಿದ್ದೆ."

ಹಿಂದಿನ ಬೆಂಚು ಕಿರುಗುಟ್ಟಿತು. ಚನ್ನವೀರ ಎದ್ದು ನಿಂತಿದ್ದ.

"ಟೀಚರ್, ಅಡಗಿಸಿದರೆ ಏನು ತೊಂದರೆ?" ಒಬ್ಬ ಹುಡುಗ ಕೇಳಿದ. "ಯಾರೂ ನಗಲ್ಲವಲ್ಲ!"

"ಯಾರೂ ನಗಲ್ಲ. ಆದರೆ ಎರಡು ವಾರದ ಹಿಂದೆ ಒಬ್ಬರು ನನಗೆ ಒಂದು ಪ್ರಶ್ನೆ ಕೇಳಿದರು. ಸರಿಯಾದ ಉತ್ತರ ಬಾಯಲ್ಲಿ ಸಿಕ್ಕಿಕೊಂಡಿತು. ಸುಲಭವಾಗಿ ಬಂದದ್ದನ್ನು ಹೇಳಿದೆ. ಅದು ತಪ್ಪು ಉತ್ತರ."

"ಸರಿ ಉತ್ತರ ಏನು?"

"ಅದು ಕನ್ನಡದಲ್ಲಿದೆ. ನಿಮಗೆ ತಿಳಿಯಲ್ಲ."

"ಹೇಳಿ ಟೀಚರ್, ಹೇಳಿ!"

ಅವಳು ಮಕ್ಕಳ ತಲೆಗಳ ಮೇಲಿಂದ ಅವನನ್ನೇ ನೋಡಿದಳು. ನಾಲಿಗೆ ಹಲ್ಲಿನ ಹಿಂದೆ ಅಂಟಿತು. ಕುತ್ತಿಗೆ ಬಿಗಿಯಿತು. ಅವನು ನೋಡುತ್ತಿದ್ದಾನೆ... ನೋಡಲಿ!

"ನ್... ನ್... ನ್... ನನಗೂ."

ಚನ್ನವೀರನ ಕಣ್ಣು ತುಂಬಿತು. ಅವನ ಪಕ್ಕದಲ್ಲಿ ಮಾಧುರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಟೀಚರ್! ನಮ್ಮ ಮನ್ಯಾಗೂ ಕನ್ನಡಾನ ಮಾತಾಡ್ತೀವ್ರಿ!"

"ಏನಂದರು? ಅರ್ಥ ಏನು?" ಎಂಬತ್ತು ಮಕ್ಕಳು ಮಾಧುರಿಯ ಮೇಲೆ ಬಿದ್ದರು. ನೀತಾಳ ಮುಖ ಕೆಂಪಾಯಿತು. ಬೆಲ್ ಹೊಡೆದು ಕಾಪಾಡಿತು.

ಖಾಲಿಯಾದ ವರಾಂಡದಲ್ಲಿ ಇಬ್ಬರೂ ನಿಂತರು.

"ನಿ... ನಿಮಗೂ ಅದ ಅಂತ ನನಗ ಗೊತ್ತ ಆಗಲಿಲ್ಲಲ್ರಿ! ನೀವು ಮಾರಿ ತಿರುವಿದ್ದಕ್ಕ ನಾ ಏನೇನೋ ತಿಳ್ಕೊಂಡೆ."

"ಮಾರಿ ವಿಕಾರ ಆಗ್ತದ್ರಿ. ಅದಕ್ಕ..."

"ಇವತ್ತ ನೋಡಿದೆ. ವಿಕಾರೇನೂ ಇದ್ದಿಲ್ಲ." ಅವನು ತಡೆದು ಕೇಳಿದ, "ಮತ್ತ ಲ... ಲಗ್ನ?"

"ಬ್ಯಾಡಂದೆ. ಮಂದಿ ಮುಂದ ಸುಮ್ನಿರಬೇಕಂತ."

"ನಮ್ಮನ್ಯಾಗ ಸುಮ್ನ ಇದ್ರ ನಡಿಯೂದಿಲ್ರಿ. ನಮ್ಮವ್ವ ಒಂದ ಸಮನ ಮಾತಾಡ್ತಾಳ, ಉತ್ತರಾ ಕೊಡಬೇಕಾಗ್ತದ." ಅವನು ಅವಳ ಕೈ ಹಿಡಿದ. "ಆದ್ರ ಒಂದು ಚಿಂತಿ. ನಾವಿಬ್ಬರೂ ಜ... ಜಗಳಾ ಸುರು ಮಾಡಿದ್ರ, ಮುಗಿಯೂದು ಯಾವಾಗ?"

ಅವಳ ತುಟಿ ಅಲುಗಿತು. ಬೇರೆ ಪದ ಹುಡುಕಬಹುದಿತ್ತು. ಹುಡುಕಲಿಲ್ಲ.

"ನ್... ನ್... ನ್... ನಾಳೆ."