ದಾರದ ಆ ತುದಿ

ಪೊರಕೆ ಕಟ್ಟುವುದು ಇಬ್ಬರ ಕೆಲಸ. ಒಬ್ಬ ಕಡ್ಡಿಯ ಕಟ್ಟನ್ನು ಉರುಳಿಸುತ್ತಾ ದಾರ ಸುತ್ತಬೇಕು, ಇನ್ನೊಬ್ಬ ಎದುರು ಕೂತು ದಾರವನ್ನು ಬಿಗಿಯಾಗಿ ಹಿಡಿದಿರಬೇಕು. ನಮ್ಮಲ್ಲಿ ಹಿಡಿಯುತ್ತಿದ್ದವನು ಅಣ್ಣ. ಸುತ್ತು ಸಾಕಾದಾಗ ಬಾಯಿ ಬಿಡುತ್ತಿರಲಿಲ್ಲ. ದಾರವನ್ನು ಎರಡು ಸಲ ಜಗ್ಗುತ್ತಿದ್ದ. ನಾನು ಗಂಟು ಹಾಕುತ್ತಿದ್ದೆ.

ಅವನು ಸತ್ತ ಮೇಲೆ ಕೆಲಸದ ಕೋಣೆಗೆ ಬೀಗ ಹಾಕಿದ್ದೆ. ಆದರೆ ಹೊಟ್ಟೆ ಕೇಳಬೇಕಲ್ಲ! ಒಂದು ಮಧ್ಯಾಹ್ನ ಬೀಗ ತೆಗೆದು ಹೆಂಡತಿಯನ್ನು ಅವನ ಜಾಗದಲ್ಲಿ ಕೂರಿಸಿದೆ.

"ಇಲ್ಲಿ ನೆಲ ಯಾಕ್ರೀ ಬೆಚ್ಚಗಿದೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ?"

"ಬಿಸಿಲಿಗೆ ಕಣೇ. ಬಾಯಿ ಮುಚ್ಕೊಂಡು ದಾರ ಹಿಡಿ."

ಆ ಮೂಲೆಗೆ ಬಿಸಿಲು ಬೀಳುವುದಿಲ್ಲ. ನನಗೆ ಗೊತ್ತಿತ್ತು.

ತಲೆ ಬಗ್ಗಿಸಿ ಸುತ್ತತೊಡಗಿದೆ. ದಾರ ಚೆನ್ನಾಗಿ ಬಿಗಿದು ಬರುತ್ತಿತ್ತು. ಕೊನೆಗೆ ಎರಡು ಸಲ ಜಗ್ಗಿತು.

"ಭಲೇ! ಇದನ್ನ ಯಾರೇ ನಿನಗೆ ಹೇಳ್ಕೊಟ್ಟಿದ್ದು?"

"ಯಾವುದನ್ನ? ಅಂಗೈ ಕೊಯ್ತು ಅಂತ ದಾರ ಆವಾಗ್ಲೇ ಬಿಟ್ಟೆನಲ್ರೀ."

ತಲೆ ಎತ್ತಿದೆ. ಅವಳು ಎರಡೂ ಕೈಯಿಂದ ತುರುಬು ಕಟ್ಟಿಕೊಳ್ಳುತ್ತಿದ್ದಳು. ದಾರ ಅವಳ ಭುಜದ ಪಕ್ಕದಲ್ಲೇ ಹಾದು, ಹಿಂದಿನ ಗೋಡೆಯನ್ನೂ ಮುಟ್ಟದೆ, ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು.

"ಅಲ್ಲಾಡಬೇಡ" ಅಂದೆ.

ಮತ್ತೆ ಎರಡು ಸಲ ಜಗ್ಗಿತು, ಈ ಸಲ ಸಿಟ್ಟಿನಿಂದ.

ಗಂಟು ಹಾಕಿದೆ. ದಾರ ಸಡಿಲವಾಗಿ ಅವಳ ಮಡಿಲಿಗೆ ಬಿತ್ತು. ಅದರ ತುದಿ, ಬಹಳ ಹೊತ್ತು ಯಾರೋ ಮುಷ್ಟಿಯಲ್ಲಿ ಹಿಡಿದಿದ್ದಂತೆ, ಬೆವರಿಗೆ ಒದ್ದೆಯಾಗಿತ್ತು.