ಕತ್ತಿನ ಗುಂಡಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಮನೆಯಲ್ಲಿ ಯಾರ ಅಂಗಿಗೂ ಕತ್ತಿನ ಗುಂಡಿ ನಿಲ್ಲುವುದಿಲ್ಲ.

ಅಪ್ಪ ದರ್ಜಿ. ದಾರ ಕಡಿಯಲು ಎಂದೂ ಕತ್ತರಿ ಹುಡುಕಿದವರಲ್ಲ, ಹಲ್ಲೇ ಸಾಕಿತ್ತು. ಮಾಡದ ಕೊಲೆಗೆ ಅವರನ್ನು ಗಲ್ಲಿಗೇರಿಸಿದಾಗ ನನಗೆ ಆರು ವರ್ಷ. ನಾನೂ ದರ್ಜಿಯಾದೆ. ಕೊಲೆಗಾರನ ಮಗ ಎಂದು ಕತ್ತಿನ ಅಳತೆ ಕೊಡಲು ಕೆಲವರು ಇವತ್ತಿಗೂ ಹಿಂಜರಿಯುತ್ತಾರೆ.

ನಿನ್ನೆ ಬೆಳಿಗ್ಗೆ ಮಗಳ ಶಾಲೆಯ ಅಂಗಿಗೆ ಎರಡೆಳೆ ದಾರದಲ್ಲಿ ಗುಂಡಿ ಹೊಲಿದು, ಜಗ್ಗಿ ನೋಡಿ ತೊಡಿಸಿದೆ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಅದು ಮಾಯ.

"ಬಿಡೋ," ಎಂದಳು ಅಮ್ಮ. "ನಿಮ್ಮಪ್ಪ ನಮ್ಮಲ್ಲಿ ಯಾರ ಕತ್ತೂ ಬಿಗಿಯೋಕೆ ಬಿಡಲ್ಲ."

"ಅಪ್ಪ ಹೋಗಿ ಮೂವತ್ತು ವರ್ಷ ಆಯ್ತಮ್ಮ!" ಎಂದು ರೇಗಿದೆ.

ಮಧ್ಯಾಹ್ನ ನ್ಯಾಯಾಲಯದ ಕಾಗದ ಬಂತು. ಅಪ್ಪ ನಿರಪರಾಧಿಯಂತೆ. ಅದನ್ನು ಎತ್ತಿಡಲೆಂದು ಅಮ್ಮ ಅಪ್ಪನ ಹೊಲಿಗೆ ಯಂತ್ರದ ಡ್ರಾಯರ್ ತೆರೆದಳು. ಪೊಲೀಸರು ಅವರನ್ನು ಕರೆದೊಯ್ದ ದಿನ ಹಾಕಿದ ಬೀಗವನ್ನು ಅವಳು ತೆಗೆದದ್ದು ಅದೇ ಮೊದಲು.

ಒಳಗೆ ತುಂಬ ಗುಂಡಿಗಳಿದ್ದವು. ಅಣ್ಣನ ಬಿಳಿಯವು, ನನ್ನ ಖಾಕಿಯವು. ಎಲ್ಲಕ್ಕಿಂತ ಮೇಲೆ ಮಗಳ ನೀಲಿ ಗುಂಡಿ.

ಎತ್ತಿಕೊಂಡೆ. ಅದಕ್ಕಂಟಿದ್ದ ದಾರದ ತುದಿ ಇನ್ನೂ ಒದ್ದೆಯಾಗಿತ್ತು.