ಬರ್ತೀನಿ ಅನ್ನಬಾರದ ಕಾರು

"ಈ ಗಾಡಿ ಮುಂದ ನಿಂತು 'ಬರ್ತೀನಿ' ಅನಬ್ಯಾಡ್ರಿ. 'ಹೋಗ್ತೀನಿ' ಅನ್ರಿ."

ಆಬರ್ನ್ ಹಿಲ್ಸ್‌ನ ತಮ್ಮ ಗರಾಜಿನ ಬಾಗಿಲಲ್ಲಿ ನಿಂತು ಶಿವಕ್ಕ ಹೀಗಂದಾಗ ಸುಶಾಂತನಿಗೆ ನಗು ತಡೆಯಲಾಗಲಿಲ್ಲ. ಮನೆ ಬಿಡುವಾಗ 'ಹೋಗ್ತೀನಿ' ಅಂದದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡು ಬೆಳೆದವನು ಅವನು. ಇಲ್ಲಿ ನೋಡಿದರೆ ಎಲ್ಲಾ ತಿರುಗುಮುರುಗು.

"ಯಾಕೆ ಆಂಟಿ, ಕಾರಿಗೆ ಕನ್ನಡ ಬರುತ್ತಾ?"

"ಬರತೈತಿ. ಅದಕ್ಕ ಕನ್ನಡ ಬಾರದವರಿಗೇ ಕೊಡಬೇಕು ಅಂತಿದ್ದೆ. ನೀವು ಜೀವಾ ತಿಂದ್ರಿ."

ಅರವತ್ತೇಳನೇ ಇಸವಿಯ ಕಾರು. ಉದ್ದ ಮೂತಿ, ಎರಡೇ ಬಾಗಿಲು. ವಾರೆನ್ ಊರಿನಲ್ಲಿ ಎಂಜಿನಿಯರಾದ ಸುಶಾಂತ ಹಳೇ ಕಾರು ಕಂಡರೆ ಊಟ ಮರೆಯುವ ಜಾತಿ. ಅವನ ಕಣ್ಣು ಕಾರಿನ ಮೇಲಿತ್ತು, ಕಿವಿ ಅರ್ಧ ಮಾತ್ರ ಶಿವಕ್ಕನ ಕಡೆಗೆ.

ಕಾರು ಮೊದಲು ಅವರ ಗಂಡ ಗುರುಲಿಂಗಪ್ಪನವರ ಗೆಳೆಯ ಶೇಷಗಿರಿಯದಂತೆ. "ಜನವರಿ ತಿಂಗಳು. ಇಬ್ಬರೂ ಹೊಂಟಿದ್ರು, ಹಿಮದಾಗ ಗಾಡಿ ಕೆಟ್ಟು ನಿಂತಿತು. ಗಾಡಿ ಎಳಿಯೋ ಟ್ರಕ್ ಬರತೈತಲ್ಲ ಅಂತ ನಮ್ಮವರು 'ಬರ್ತೀನಿ' ಅಂತ ಹೇಳಿ ಮನಿಗೆ ಬಂದ್ರು. ಅವ ಖರೇನ ತಿರುಗಿ ಬರ್ತಾರ ಅಂತ ಕಾದ. ಟ್ರಕ್ಕೂ ಬರಲಿಲ್ಲ. ಮುಂಜಾನಿ ನೋಡಿದ್ರ ಸೀಟಿನ್ಯಾಗ ಕಲ್ಲಾಗಿ ಕುಂತಿದ್ದ."

ಸತ್ತ ಮಗನ ಮುಖ ನೋಡಲು ಬಂದ ಶೇಷಗಿರಿಯ ತಾಯಿ ಮಾಟದ ತಗಡೊಂದನ್ನು ಬರೆಸಿ ತಂದು ಸೀಟಿನೊಳಗೆ ಹೊಲಿದು ಹೋಗಿದ್ದಳು. ಬರ್ತೀನಿ ಅಂದವರು ಬರಲೇಬೇಕು, ಇದು ಅವಳ ಶಾಪ. ಮುಂದಿನ ಆಗಸ್ಟಿನಲ್ಲಿ ಗುರುಲಿಂಗಪ್ಪನವರು, ಗೆಳೆಯನ ನೆನಪಿಗೆಂದು ತಾವೇ ಇಟ್ಟುಕೊಂಡಿದ್ದ ಈ ಕಾರಿನ ಪಕ್ಕ ನಿಂತು, ರೂಢಿಯಂತೆ ಹೆಂಡತಿಗೆ 'ಬರ್ತೀನಿ' ಅಂದರು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಖೆಯಲ್ಲಿ ಅದೇ ಸೀಟಿನಲ್ಲಿ ಹೆಪ್ಪುಗಟ್ಟಿ ಸಿಕ್ಕರು.

ಪಾಪ, ಒಂಟಿತನಕ್ಕೆ ತಲೆ ಕೆಟ್ಟಿದೆ ಅಂದುಕೊಂಡ ಸುಶಾಂತ.

ಕಾರು ಕೊಂಡು ಟ್ರಾಯ್‌ನ ತನ್ನ ಮನೆಗೆ ತಂದು ಹಳೇ ಸೀಟು ಹರಿದಾಗ ತಗಡು ನಿಜಕ್ಕೂ ಸಿಕ್ಕಿತು. ಬೆರಳಗಲದ ತಾಮ್ರ, ಮೇಲೆ ಇರುವೆ ಸಾಲಿನಂಥ ಅಕ್ಷರ, ಮೂಗಿಗೆ ಹಸಿ ರಕ್ತದ ವಾಸನೆ. ಒಳ್ಳೇ ಲೋಹ, ಯಾಕೆ ಎಸೆಯಬೇಕು? ಡ್ರೈವರ್ ಬಾಗಿಲು ಲಟಲಟ ಅನ್ನುತ್ತಿತ್ತು. ತಗಡನ್ನು ಕತ್ತರಿಸಿ ಬಾಗಿಲಿನ ಚಿಲಕದ ಹಿಂದೆ ಸಂದಿಗೆ ಕೊಟ್ಟು ಬಿಗಿದ. ಸದ್ದು ನಿಂತಿತು. ತನ್ನ ಜಾಣತನಕ್ಕೆ ತಾನೇ ಶಿಳ್ಳೆ ಹಾಕಿದ.

ಭಾನುವಾರ ಮಧ್ಯಾಹ್ನ ಹದಿನಾರರ ಮಗಳು ದಿಯಾ ಹೊಸ ಸೀಟು ನೋಡಲು ಬಂದಳು. ಸ್ಟಿಯರಿಂಗ್ ಹಿಡಿದು ಕೂತು ಸೆಲ್ಫಿ ತೆಗೆದುಕೊಂಡಳು. ಟೆಂಪಲ್‌ನಲ್ಲಿ ಡಾನ್ಸ್ ಕ್ಲಾಸಿಗೆ ಹೊತ್ತಾಗಿತ್ತು. 'ಬೈ' ಅನ್ನಬಾರದು, 'ಬರ್ತೀನಿ' ಅನ್ನಬೇಕು ಅಂತ ಸುಶಾಂತ ನಾಲ್ಕನೇ ವಯಸ್ಸಿನಿಂದ ಅವಳ ತಲೆ ತಿಂದಿದ್ದ. ಅವಳು ಒಂದು ದಿನವೂ ಅಂದವಳಲ್ಲ.

ಇವತ್ತು, ಕಾರಿನಿಂದ ಇಳಿಯುವ ಮೊದಲೇ, ಅಂದಳು. "ಬರ್ತೀನಿ, ಅಪ್ಪಾ!"

ಖುಷಿಗೆ ಅವನ ಎದೆ ಉಬ್ಬಿತು. ಮರುಕ್ಷಣ ಶಿವಕ್ಕನ ಮಾತು ನೆನಪಾಯಿತು.

ಕಾರಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗರಾಜಿನ ದೊಡ್ಡ ಬಾಗಿಲೂ ಗಡಗಡ ಇಳಿಯಿತು. ಲೈಟು ಆರಿತು. ಕತ್ತಲೆ. ಹಿಮದ ವಾಸನೆ, ಒದ್ದೆ ಉಣ್ಣೆಯ ವಾಸನೆ. ಮೊಬೈಲಿನ ಬೆಳಕು ಹಾಯಿಸಿದ. ಕಿಟಕಿಯ ಒಳಗಡೆ ಮಂಜು ಕಟ್ಟುತ್ತಿತ್ತು. ಹಲ್ಲು ಕಟಕಟಿಸುವ ಸದ್ದು. ದಿಯಾಳದ್ದಲ್ಲ. ಪಕ್ಕದ ಸೀಟಿನಿಂದ.

"ಅಪ್ಪಾ, ಹೀ ಸೇಸ್ ಐ ಪ್ರಾಮಿಸ್ಡ್!"

ಹಿಡಿ ಎಳೆದ. ಜಗ್ಗಲಿಲ್ಲ. ಸುತ್ತಿಗೆಯಿಂದ ಹೊಡೆದ. ಗಾಜು ಒಡೆಯಲಿಲ್ಲ. ಅವಳ ತುಟಿ ನೀಲಿಯಾಗುತ್ತಿತ್ತು. ಕಣ್ಣು ಮುಚ್ಚುತ್ತಿತ್ತು.

"ಬಿಡಿ ಅವಳನ್ನ! ಅವಳಿಗೆ ಅರ್ಥ ಗೊತ್ತಿಲ್ಲ, ಹೇಳಿಕೊಟ್ಟವನು ನಾನು!" ಅವನು ಅಳುತ್ತಿದ್ದ. "ನಾನು ಬರ್ತೀನಿ. ಶೇಷಗಿರಿ, ನಾನೇ ಬರ್ತೀನಿ!"

ಕಟಕಟ ನಿಂತಿತು. ಬಾಗಿಲು ತೆರೆಯಿತು.

ಮಗಳನ್ನು ಹೊರಗೆಳೆದು ಹಾಕಿದ. ಓಡಬೇಕೆಂದುಕೊಂಡ. ಕಾಲು ಕೇಳಲಿಲ್ಲ. ಒಂದೊಂದಾಗಿ ಅವೇ ಕಾರಿನೊಳಗೆ ಹೋದವು. ಕೂತ. ಬಾಗಿಲು ಮುಚ್ಚಿತು.

"ಬಂದೆ," ಅಂದ. ಆಡಿದ ಮಾತು ನಡೆಸಿದ್ದಾಯಿತಲ್ಲ, ಇನ್ನಾದರೂ ಬಿಟ್ಟಾನು ಅನ್ನುವ ಆಸೆ.

ತಣ್ಣನೆಯ ಕೈಯೊಂದು ಅವನ ಮಂಡಿಯ ಮೇಲೆ ಕೂತಿತು.

"ಬಂದ್ಯಾ? ಭಾಳ ಹೊತ್ತು ಮಾಡಿದಿ," ಎಂದಿತು ಪಕ್ಕದ ಕತ್ತಲೆ, ಗೆಳೆಯನನ್ನು ಕಂಡ ಸಮಾಧಾನದಲ್ಲಿ. "ಈಗ ನನ್ನ ಬಿಟ್ಟು ಎಲ್ಲಿಗೂ ಹೋಗಬ್ಯಾಡ."

ಹೊರಗೆ ದಿಯಾ ಗಾಜು ಬಡಿಯುತ್ತಿದ್ದಳು. ಬದುಕಿದ್ದಳು, ಅದೊಂದು ಅವನಿಗೆ ಸಮಾಧಾನ. ಬೆಳ್ಳಗಾಗುತ್ತಿದ್ದ ಕಿಟಕಿಯಾಚೆ ಅವಳ ಇಂಗ್ಲಿಷೆಲ್ಲ ಎಲ್ಲೋ ಬಿದ್ದುಹೋಗಿತ್ತು. "ಬಾ ಅಪ್ಪಾ, ಹೊರಗೆ ಬಾ ಅಪ್ಪಾ," ಎಂದು ಸ್ವಚ್ಛ ಕನ್ನಡದಲ್ಲಿ ಕರೆಯುತ್ತಿದ್ದಳು. ಉತ್ತರ ಕೊಡಲು ಬಾಯಿ ತೆರೆದ. ಉಸಿರಿನ ಬಿಳಿ ಉಗಿ ಬಂತು, ಮಾತು ಬರಲಿಲ್ಲ.